ಡಿವೋರ್ಸ್ ಮುಗಿದ ಮೇಲೆ ವಕೀಲರಿಂದ 2.82 ಲಕ್ಷದ ಬಿಲ್ ಬಂದಿದೆ, ಪೂರ್ತಿ ಕೊಡಲೇಬೇಕಾ?

ಪ್ರಶ್ನೆ (ಸದಸ್ಯೆ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಹೆಸರು ಹಾಕದೆ ಕೇಳುತ್ತಿದ್ದೇನೆ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಡಿವೋರ್ಸ್ ಕೇಸ್ ಇಲ್ಲಿನ ಫ್ಯಾಮಿಲಿ ಕೋರ್ಟ್‌ನಲ್ಲಿತ್ತು. ನಾನೇ ಹಾಕಿದ್ದ ಅರ್ಜಿ. ಕೋರ್ಟ್ ಮೀಡಿಯೇಷನ್‌ಗೆ ಕಳಿಸಿತು, ಅಲ್ಲಿ ರಾಜಿಯಾಯಿತು. ಪರಸ್ಪರ ಒಪ್ಪಿಗೆಯ ವಿಚ್ಛೇದನ ಸಿಕ್ಕಿತು. 18 ಲಕ್ಷ ಕಾಯಂ ಜೀವನಾಂಶ ಎರಡು ಡಿಡಿಯಲ್ಲಿ ನನ್ನ ಕೈಗೆ ಬಂತು. ಮಗಳ ಓದಿಗೆ ಅಂತ ಅದನ್ನು ಎಫ್‌ಡಿ ಇಟ್ಟಿದ್ದೇನೆ.

ವಕೀಲರ ಜೊತೆ ಮೊದಲೇ 75,000ಕ್ಕೆ ಮಾತಾಗಿತ್ತು. "ಕೇಸ್ ಮುಗಿಯುವ ತನಕ ಇಷ್ಟೇ, ಸಣ್ಣಪುಟ್ಟ ಖರ್ಚು ಬೇರೆ" ಎಂದು ಅವರೇ ಮಾಡಿದ ವಾಟ್ಸಾಪ್ ಮೆಸೇಜ್ ನನ್ನ ಹತ್ತಿರ ಇದೆ. 45,000 ಯುಪಿಐ ಮಾಡಿದ್ದೇನೆ. 15,000 ಕ್ಯಾಶ್ ಅವರ ಗುಮಾಸ್ತರ ಕೈಗೆ ಕೊಟ್ಟೆ, ಅದಕ್ಕೆ ರಸೀದಿ ಇಲ್ಲ. ಹಾಗಾಗಿ 15,000 ಬಾಕಿ ಇದೆ ಅಂತ ನನಗೂ ಗೊತ್ತು.

ಈಗ ಬಂದಿರುವ ಬಿಲ್ ಹೀಗಿದೆ: ಜೀವನಾಂಶದ ಶೇಕಡಾ 10 ಅಂತ 1,80,000. ಮೀಡಿಯೇಷನ್ ಹಾಜರಾತಿ ನಾಲ್ಕು ಸಲಕ್ಕೆ 24,000. ಡಿಕ್ರಿ (ಕೋರ್ಟಿನ ಅಂತಿಮ ಆದೇಶ) ಕಾಪಿ ಖರ್ಚು 8,000. ಟೈಪಿಂಗ್, ಜೆರಾಕ್ಸ್, ಇತರೆ 12,000. ಬಾಕಿ ಫೀಸ್ 15,000. ಇದರ ಮೇಲೆ 18% ಜಿಎಸ್‌ಟಿ 43,020. ಒಟ್ಟು 2,82,020 ರೂಪಾಯಿ.

ದುಡ್ಡು ಕಟ್ಟುವವರೆಗೆ ಫೈಲೂ ಇಲ್ಲ, ಡಿಕ್ರಿ ಕಾಪಿಯೂ ಇಲ್ಲ ಅಂತಿದ್ದಾರೆ. ವಕಾಲತ್ತಿಗೆ (ಕೇಸ್ ನಡೆಸಲು ವಕೀಲರಿಗೆ ಕೊಡುವ ಅಧಿಕಾರ ಪತ್ರ) ಸಹಿ ಹಾಕಿದ ದಿನವೇ ಒಂದು ಖಾಲಿ ಚೆಕ್‌ಗೂ ಸಹಿ ಮಾಡಿಸಿಕೊಂಡಿದ್ದರು. "ಅದನ್ನ ಬ್ಯಾಂಕಿಗೆ ಹಾಕ್ತೀವಿ" ಅಂತ ಗುಮಾಸ್ತರು ಫೋನ್ ಮಾಡಿದರು. ಕಷ್ಟದಲ್ಲಿದ್ದಾಗ ಆ ವಕೀಲರು ನನ್ನ ಪರ ನಿಂತಿದ್ದರು, ಅದನ್ನು ಮರೆತಿಲ್ಲ. ಆದರೆ ಇಷ್ಟೊಂದು ಹಣ ಕೊಡಲೇಬೇಕಾ? ಏನು ಮಾಡಲಿ?

ಉತ್ತರ (ವಕೀಲೆ, ಬೆಂಗಳೂರು)

ಮೇಡಂ, ಮೊದಲು ಒಂದು ಮಾತು. ಗಾಬರಿಯಲ್ಲಿ ಯಾವುದಕ್ಕೂ ಹಣ ಹಾಕಬೇಡಿ. ಎಫ್‌ಡಿ ಮುರಿಸಬೇಡಿ. "ಅರ್ಧ ಕೊಟ್ಟು ಮುಗಿಸಿಬಿಡೋಣ" ಅಂತ ಮನೆಯವರು ಹೇಳಿದರೂ ಸದ್ಯಕ್ಕೆ ಬೇಡ. ಒಟ್ಟು ಮೊತ್ತದ ಮೇಲೆ ಚೌಕಾಸಿಗೆ ಇಳಿದರೆ ನೀವೇ ಸೋಲುತ್ತೀರಿ. ಬಿಲ್ಲನ್ನು ಬಾಬ್ತು ಬಾಬ್ತಾಗಿ ಬಿಡಿಸಿ ನೋಡಬೇಕು.

ದೊಡ್ಡದು ಆ ಶೇಕಡಾ 10. ಅದನ್ನು ನೀವು ಕೊಡಬೇಕಾಗಿಲ್ಲ. ಕೇಸಿನ ಫಲಿತಾಂಶದ ಮೇಲೆ ಫೀಸ್ ನಿಗದಿ ಮಾಡುವುದು, ಬಂದ ಹಣದಲ್ಲಿ ಪಾಲು ಕೇಳುವುದು ನಮ್ಮ ದೇಶದ ವಕೀಲರಿಗೆ ನಿಷಿದ್ಧ. ಭಾರತೀಯ ವಕೀಲರ ಪರಿಷತ್ತಿನ (ಬಾರ್ ಕೌನ್ಸಿಲ್) ನಡತೆ ನಿಯಮಗಳಲ್ಲಿ 20ನೇ ನಿಯಮ ಇದನ್ನೇ ಹೇಳುತ್ತದೆ. 2017ರ ಡಿಸೆಂಬರ್‌ನಲ್ಲಿ ಬಿ. ಸುನೀತಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಗಟ್ಟಿಯಾಗಿ ಹೇಳಿತು. ಅಲ್ಲಿ ಗಂಡನನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡ ಹೆಣ್ಣುಮಗಳು ಪರಿಹಾರದ ಕೇಸ್ ಗೆದ್ದಿದ್ದರು. ವಕೀಲರು ಪರಿಹಾರದ ಹಣದಲ್ಲಿ ಶೇಕಡಾವಾರು ಫೀಸ್ ಲೆಕ್ಕ ಹಾಕಿ, ಅವರಿಂದ ಚೆಕ್ ಬರೆಸಿಕೊಂಡಿದ್ದರು. ಚೆಕ್ ಬೌನ್ಸ್ ಆಯಿತು, ವಕೀಲರು ಕ್ರಿಮಿನಲ್ ಕೇಸ್ ಹಾಕಿದರು. ಸುಪ್ರೀಂ ಕೋರ್ಟ್ ಆ ಕೇಸನ್ನೇ ರದ್ದು ಮಾಡಿತು. ಇಂಥ ಫೀಸ್ ಸಾರ್ವಜನಿಕ ನೀತಿಗೆ ವಿರುದ್ಧ, ವೃತ್ತಿಯಲ್ಲಿ ದುರ್ನಡತೆ ಎಂದಿತು. ನಿಮ್ಮ ಪರಿಸ್ಥಿತಿಗೆ ಇದಕ್ಕಿಂತ ಹತ್ತಿರದ ತೀರ್ಪು ಬೇಕಾ? ನೀವು ಮೊದಲೇ ಒಪ್ಪಿ ಸಹಿ ಹಾಕಿದ್ದರೂ ಅದು ನಿಲ್ಲುವುದಿಲ್ಲ. ನಿಮ್ಮ ವಿಷಯದಲ್ಲಂತೂ ಆ ಮಾತೇ ಆಗಿರಲಿಲ್ಲ.

ಜಿಎಸ್‌ಟಿಯೂ ಬೇಡ. ವಕೀಲರು ಖಾಸಗಿ ವ್ಯಕ್ತಿಗೆ ಕೊಡುವ ಸೇವೆಗೆ 2017ರಿಂದಲೂ ವಿನಾಯಿತಿ ಇದೆ. ನೀವು ಕಂಪನಿಯೂ ಅಲ್ಲ, ವ್ಯಾಪಾರವೂ ಅಲ್ಲ, ನಿಮ್ಮ ಮದುವೆಯ ಕೇಸ್. 43,020 ರೂಪಾಯಿ ಅಲ್ಲಿಗೆ ಹೋಯಿತು.

ಡಿಕ್ರಿ ಕಾಪಿಗೆ 8,000 ನೋಡಿ ನಿಜಕ್ಕೂ ಬೇಸರವಾಯಿತು. ಹಿಂದೂ ವಿವಾಹ ಕಾಯ್ದೆಯ 23ನೇ ಸೆಕ್ಷನ್, 4ನೇ ಉಪಕಲಂ: ವಿಚ್ಛೇದನದ ಡಿಕ್ರಿ ಕೊಟ್ಟ ಕೋರ್ಟೇ ಎರಡೂ ಕಡೆಯವರಿಗೆ ಒಂದೊಂದು ಪ್ರತಿ ಉಚಿತವಾಗಿ ಕೊಡಬೇಕು. ಅದು ಇನ್ನೂ ನಿಮಗೆ ಸಿಕ್ಕಿಲ್ಲ ಎಂದರೆ ಆಧಾರ್ ಮತ್ತು ಕೇಸ್ ನಂಬರ್ ಹಿಡಿದು ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲಕ್ಕೆ ನೀವೇ ಹೋಗಿ. ಕಚೇರಿಯಲ್ಲಿ ವಿಚಾರಿಸಿ, ಅರ್ಜಿ ಕೊಡಿ. ಜಾಸ್ತಿ ಪ್ರತಿ ಬೇಕಿದ್ದರೆ ನಕಲು ವಿಭಾಗದಲ್ಲಿ ಪುಟದ ಲೆಕ್ಕದಲ್ಲಿ ಸಣ್ಣ ಶುಲ್ಕ ಕಟ್ಟಿದರಾಯಿತು. ಪಾಸ್‌ಪೋರ್ಟ್, ಬ್ಯಾಂಕ್, ಮಗಳ ಶಾಲೆ ಎಲ್ಲದಕ್ಕೂ ಈ ಕಾಗದ ಬೇಕಾಗುತ್ತದೆ. ಅದಕ್ಕಾಗಿ ಯಾರ ಮುಂದೆಯೂ ಕೈಕಟ್ಟಿ ನಿಲ್ಲಬೇಡಿ.

ಮೀಡಿಯೇಷನ್ ಬಾಬ್ತಿನಲ್ಲಿ ಸ್ವಲ್ಪ ಎರಡೂ ಕಡೆ ನೋಡಬೇಕು. ಕೋರ್ಟ್ ಕಳಿಸಿದ ಮೀಡಿಯೇಷನ್‌ನಲ್ಲಿ ಮಧ್ಯಸ್ಥರಿಗೆ ನೀವು ಏನೂ ಕೊಡುವ ಹಾಗಿಲ್ಲ. ಆದರೆ ನಿಮ್ಮ ವಕೀಲರು ಬಂದು ಕೂತಿದ್ದರೆ ಅದು ಅವರ ಕೆಲಸವೇ. ಪ್ರಶ್ನೆ ಏನೆಂದರೆ, ಆ ಕೆಲಸ 75,000ದ ಒಳಗೆ ಬರುತ್ತದಾ ಇಲ್ಲವಾ? "ಕೇಸ್ ಮುಗಿಯುವ ತನಕ" ಎಂಬ ಮೆಸೇಜ್ ಇರುವುದರಿಂದ ಒಳಗೇ ಬರುತ್ತದೆ ಅಂತ ನಾನು ಹೇಳುತ್ತೇನೆ. ಅವರು ಎಷ್ಟು ಸಲ ಬಂದಿದ್ದರು? ನೆನಪಿದ್ದರೆ ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆಪ್‌ನಲ್ಲಿ ಕೇಸ್ ನಂಬರ್ ಹಾಕಿದರೆ ಯಾವ ಡೇಟ್‌ಗೆ ಏನಾಯಿತು ಎಂಬ ಪಟ್ಟಿ ಬರುತ್ತದೆ, ಹೋಲಿಸಿ ನೋಡಿ.

ಟೈಪಿಂಗ್, ಜೆರಾಕ್ಸ್‌ಗೆ ಹಣ ಕೇಳುವುದರಲ್ಲಿ ತಪ್ಪಿಲ್ಲ. "ಇತರೆ 12,000" ಎಂದು ಒಂದೇ ಸಾಲಿನಲ್ಲಿ ಬರೆದಿರುವುದು ತಪ್ಪು. ಕಕ್ಷಿದಾರರ ಹಣಕ್ಕೆ ಲೆಕ್ಕ ಇಡಬೇಕು, ಫೀಸ್ ಎಷ್ಟು, ಖರ್ಚು ಎಷ್ಟು ಅಂತ ಬೇರೆ ಬೇರೆ ತೋರಿಸಬೇಕು, ಕೇಳಿದರೆ ಪ್ರತಿ ಕೊಡಬೇಕು. ಪರಿಷತ್ತಿನ ನಿಯಮ 25ರಿಂದ 30ರವರೆಗೆ ಓದಿ, ಇದೆಲ್ಲ ಅಲ್ಲೇ ಇದೆ. ನೀವು ಕ್ಯಾಶ್ ಕೊಟ್ಟ 15,000ವೂ ಆ ಲೆಕ್ಕದಲ್ಲಿ ಕಾಣಬೇಕು. ಅವರ ಬಿಲ್ಲೇ ಬಾಕಿ 15,000 ಎನ್ನುತ್ತಿದೆ ಅಲ್ವಾ? ಅಂದರೆ 60,000 ಬಂದಿದೆ ಅಂತ ಅವರೇ ಒಪ್ಪಿದ ಹಾಗಾಯಿತು. ಆ ಬಿಲ್ಲನ್ನು ಜೋಪಾನ ಮಾಡಿ.

ಇನ್ನು ಫೈಲ್. ಫೀಸ್ ಬಾಕಿ ಇದೆ ಅಂತ ಕಕ್ಷಿದಾರರ ಕಾಗದಪತ್ರ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ. 2000ನೇ ಇಸವಿಯಲ್ಲಿ ಆರ್.ಡಿ. ಸಕ್ಸೇನಾ ಕೇಸಿನಲ್ಲಿ ಇದು ತೀರ್ಮಾನ ಆಗಿದೆ. ಅಲ್ಲಿ ಒಬ್ಬ ವಕೀಲರು ಸಹಕಾರ ಬ್ಯಾಂಕೊಂದರ ಫೈಲ್‌ಗಳನ್ನು ಫೀಸ್ ಬಾಕಿಗಾಗಿ ಹಿಡಿದಿಟ್ಟಿದ್ದರು. ಅದು ದುರ್ನಡತೆ ಎಂದೇ ಸುಪ್ರೀಂ ಕೋರ್ಟ್ ಹೇಳಿತು. ಬಾಕಿ ಇದ್ದರೆ ದಾವೆ ಹಾಕಿ ವಸೂಲಿ ಮಾಡಿಕೊಳ್ಳಬೇಕು, ಕಾಗದ ಒತ್ತೆ ಇಟ್ಟುಕೊಳ್ಳುವ ಹಾಗಿಲ್ಲ.

ಚೆಕ್ ವಿಷಯದಲ್ಲಿ ಮಾತ್ರ ತಡ ಮಾಡಬೇಡಿ. ಖಾಲಿ ಚೆಕ್ ಆದರೂ ಸಹಿ ನಿಮ್ಮದಾದರೆ, ಸಾಲ ಇತ್ತು ಅಂತಲೇ ಕೋರ್ಟ್ ಮೊದಲು ಊಹಿಸುತ್ತದೆ. ಇದನ್ನು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸಾಲ ಇರಲಿಲ್ಲ ಅಂತ ತೋರಿಸುವ ಭಾರ ನಿಮ್ಮ ಮೇಲೆ ಬರುತ್ತದೆ. ಆದ್ದರಿಂದ ಚೆಕ್ ಬ್ಯಾಂಕಿಗೆ ಹೋಗುವ ಮುಂಚೆಯೇ ನಿಮ್ಮ ತಕರಾರು ಬರಹದಲ್ಲಿ ಇರಬೇಕು. ಇವತ್ತೇ ಈಮೇಲ್ ಮಾಡಿ, ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ. ಆಮೇಲೆ ಬ್ಯಾಂಕಿಗೆ ಆ ಚೆಕ್ ನಂಬರ್ ಬರೆದು ಪಾವತಿ ತಡೆಯಲು ಅರ್ಜಿ ಕೊಡಿ. ಬರೀ ತಡೆ ಕೊಟ್ಟು ಸುಮ್ನೆ ಕೂತರೆ ಸಾಲದು. ಚೆಕ್ ವಾಪಸಾಗಿ ಲೀಗಲ್ ನೋಟಿಸ್ ಬಂದರೆ 15 ದಿನದ ಒಳಗೆ ಉತ್ತರ ಹೋಗಲೇಬೇಕು.

ಪತ್ರ ಉದ್ದ ಬೇಡ, ಸಿಟ್ಟೂ ಬೇಡ. ಹೀಗೆ ಬರೆಯಿರಿ:

"ಸರ್, ನಮಸ್ಕಾರ. ನೀವು ಕಳಿಸಿದ ಬಿಲ್ ನೋಡಿದೆ. ನಮ್ಮ ನಡುವೆ ಮಾತಾಗಿದ್ದ ಫೀಸ್ 75,000. ಅದರಲ್ಲಿ 60,000 ಕೊಟ್ಟಿದ್ದೇನೆ, ಉಳಿದ 15,000 ಕೊಡಲು ತಯಾರಿದ್ದೇನೆ. ಜೀವನಾಂಶದ ಶೇಕಡಾ 10 ಮತ್ತು ಜಿಎಸ್‌ಟಿ ಬಾಬ್ತುಗಳನ್ನು ಒಪ್ಪುವುದಿಲ್ಲ. ಮಿಕ್ಕ ಖರ್ಚುಗಳಿಗೆ ದಿನಾಂಕ ಸಮೇತ ಲೆಕ್ಕ ಮತ್ತು ರಸೀದಿ ಕೊಡಿ. ನನ್ನ ಫೈಲ್, ಮೂಲ ದಾಖಲೆಗಳು ಹಾಗೂ ನಾನು ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕನ್ನು ವಾಪಸ್ ಕೊಡಿ. ಆ ಚೆಕ್ ಯಾವ ಸಾಲಕ್ಕೂ ಕೊಟ್ಟದ್ದಲ್ಲ."

ಚೆಕ್ ನಂಬರ್, ಬ್ಯಾಂಕಿನ ಹೆಸರು ಮರೆಯದೆ ಸೇರಿಸಿ. 15,000 ಕೊಡುತ್ತೇನೆ ಎಂಬ ಸಾಲನ್ನು ತೆಗೆಯಬೇಡಿ. ಮಾಡಿದ ಕೆಲಸದ ಹಣ ಕೊಡಲು ನೀವು ಸಿದ್ಧರಿದ್ದೀರಿ ಎಂಬುದಕ್ಕೆ ಮುಂದೆ ಅದೇ ಸಾಕ್ಷಿ.

ಸದಸ್ಯೆಯ ಅಣ್ಣ

ಮೇಡಂ, ನಾನು ಇವಳ ಅಣ್ಣ. ನೇರವಾಗಿ ಗ್ರಾಹಕರ ಕೋರ್ಟಿಗೆ ಹೋದರೆ ಬೇಗ ಆಗಲ್ವಾ? ಇಲ್ಲ ಪೊಲೀಸ್ ಕಂಪ್ಲೇಂಟ್ ಕೊಡೋಣವಾ?

ಉತ್ತರ (ವಕೀಲೆ)

ಸರ್, ಗ್ರಾಹಕರ ಆಯೋಗದ ಬಾಗಿಲು ಮುಚ್ಚಿದೆ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ಒಳಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ 14ರಂದು ತೀರ್ಪು ಕೊಟ್ಟಿದೆ. ಬರೀ ಬಿಲ್ ತಕರಾರಿಗೆ ಪೊಲೀಸರ ಹತ್ತಿರ ಹೋದರೆ "ಇದು ಸಿವಿಲ್ ವಿಷಯ" ಅಂತ ವಾಪಸ್ ಕಳಿಸುತ್ತಾರೆ.

ಸರಿಯಾದ ಜಾಗ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. 1961ರ ವಕೀಲರ ಕಾಯ್ದೆಯ 35ನೇ ಸೆಕ್ಷನ್ ಅಡಿ ದೂರು ಕೊಡಬಹುದು. ದೂರನ್ನು ಸಹಿ, ಪ್ರಮಾಣೀಕರಣ, ನಿಗದಿತ ಶುಲ್ಕದ ಜೊತೆ ಕೊಡಬೇಕು. ಮೇಲ್ನೋಟಕ್ಕೆ ಹುರುಳಿದೆ ಅನಿಸಿದರೆ ಶಿಸ್ತು ಸಮಿತಿಗೆ ಕಳಿಸುತ್ತಾರೆ. ಅಲ್ಲಿ ಒಂದು ವರ್ಷದಲ್ಲಿ ತೀರ್ಮಾನ ಆಗದಿದ್ದರೆ ಭಾರತೀಯ ವಕೀಲರ ಪರಿಷತ್ತಿಗೆ ಹೋಗುತ್ತದೆ. ಛೀಮಾರಿಯಿಂದ ಹಿಡಿದು ಸನ್ನದು (ವಕೀಲಿ ಮಾಡುವ ಪರವಾನಗಿ) ತೆಗೆಯುವವರೆಗೂ ಶಿಕ್ಷೆ ಇದೆ. ಆದರೆ "ಬಿಲ್ ಜಾಸ್ತಿ ಆಯಿತು" ಎಂಬ ದೂರು ಅಲ್ಲಿ ನಿಲ್ಲುವುದು ಕಷ್ಟ. "ಜೀವನಾಂಶದಲ್ಲಿ ಪಾಲು ಕೇಳಿದರು, ಫೈಲ್ ಹಿಡಿದಿಟ್ಟರು, ಲೆಕ್ಕ ಕೊಡಲಿಲ್ಲ" ಎಂಬ ದೂರು ನಿಲ್ಲುತ್ತದೆ. ಅದಕ್ಕೂ ಮುಂಚೆ ಪತ್ರ ಹೋಗಲಿ, ಉತ್ತರ ಏನು ಬರುತ್ತದೆ ನೋಡೋಣ.

ಒಬ್ಬ ಯುವ ವಕೀಲ, ತುಮಕೂರು

ಮೇಡಂ ಹೇಳಿದ್ದೆಲ್ಲ ಸರಿ. ಆದರೆ ನಮ್ಮ ಕಡೆಯದೂ ಒಂದು ಮಾತು. ಎರಡು ವರ್ಷ ಡೇಟ್ ಡೇಟ್‌ಗೂ ಓಡಾಡಿ ಡಿಕ್ರಿ ತಂದುಕೊಟ್ಟ ಮೇಲೆ ಫೋನೇ ಎತ್ತದ ಕಕ್ಷಿದಾರರು ಇದ್ದಾರೆ. ಅವರ ಹತ್ತಿರ ನಾವು ಏನು ಮಾಡಬೇಕು?

ಉತ್ತರ (ವಕೀಲೆ)

ನಿಮ್ಮ ನೋವು ಸುಳ್ಳಲ್ಲ. ಅದಕ್ಕೆ ದಾರಿ ಇದೆ. 1926ರ ಲೀಗಲ್ ಪ್ರಾಕ್ಟೀಷನರ್ಸ್ ಫೀಸ್ ಕಾಯ್ದೆ ನಮಗೆ ಕಕ್ಷಿದಾರರ ಜೊತೆ ಫೀಸ್ ಒಪ್ಪಂದ ಮಾಡಿಕೊಳ್ಳುವ, ಬಾಕಿಗೆ ದಾವೆ ಹಾಕುವ ಹಕ್ಕು ಕೊಟ್ಟಿದೆ. ವಕಾಲತ್ತಿನ ಜೊತೆಗೇ ಒಂದು ಹಾಳೆ ಬರೆಯಿರಿ. ಅರ್ಜಿಗೆ ಎಷ್ಟು, ಮಧ್ಯಂತರ ಜೀವನಾಂಶದ ಅರ್ಜಿಗೆ (ಐಎ) ಎಷ್ಟು, ಪಾಟೀಸವಾಲಿಗೆ ಬಂದರೆ ಎಷ್ಟು, ಮೀಡಿಯೇಷನ್ ಒಳಗೋ ಹೊರಗೋ, ಎಲ್ಲ ಇರಲಿ. ಇಬ್ಬರೂ ಸಹಿ ಮಾಡಿ. ಹಂತ ಮುಗಿದ ಹಾಗೆ ಹಣ ತೆಗೆದುಕೊಳ್ಳಿ. ಕೊನೆಗೆ ಎಲ್ಲ ಒಟ್ಟಿಗೆ ಕೇಳಲು ಹೋದಾಗಲೇ ಇಬ್ಬರಿಗೂ ಕಷ್ಟ.

ಸದಸ್ಯೆ, ದಾವಣಗೆರೆ

ನನ್ನ ಕೇಸ್ ಇನ್ನೂ ನಡೆಯುತ್ತಿದೆ ಮೇಡಂ. ವಕೀಲರನ್ನು ಬದಲಾಯಿಸಬೇಕು. ಹಳೆಯವರು 50,000 ಕೊಟ್ಟರೆ ಮಾತ್ರ ಎನ್‌ಓಸಿ (ಬೇರೆ ವಕೀಲರು ಬರಲು ಅಭ್ಯಂತರ ಇಲ್ಲ ಎಂಬ ಒಪ್ಪಿಗೆ) ಅಂತಾರೆ. ನನಗೆ ಸಂಬಳ ಇಲ್ಲ, ತವರಿನಲ್ಲಿದ್ದೇನೆ.

ಉತ್ತರ (ವಕೀಲೆ)

ಅಮ್ಮಾ, ಎನ್‌ಓಸಿ ಸಿಗದಿದ್ದರೆ ಕೇಸ್ ನಿಲ್ಲುವುದಿಲ್ಲ. ಎನ್‌ಓಸಿ ಯಾಕೆ ಸಿಗಲಿಲ್ಲ ಅಂತ ಹೊಸ ವಕೀಲರು ಕಾರಣ ಬರೆದು, ಕೋರ್ಟಿನ ಅನುಮತಿ ಕೇಳಿ ಅರ್ಜಿ ಹಾಕಬಹುದು. ನ್ಯಾಯಾಧೀಶರ ಮುಂದೆ ನೀವೇ ನಿಂತು ವಿಷಯ ಹೇಳಲೂಬಹುದು, ಹೆದರಬೇಡಿ. ಹಳೆಯವರು ಮಾಡಿದ ಕೆಲಸಕ್ಕೆ ನ್ಯಾಯವಾದ ಬಾಕಿ ಇದ್ದರೆ ಅದು ಬೇರೆ ಲೆಕ್ಕ.

ಇನ್ನೊಂದು ವಿಷಯ ನಿಮಗೆ ಖಂಡಿತ ಗೊತ್ತಿರಬೇಕು. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಇದೆ. ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಎಲ್ಲಿದೆ ಎಂದು ಕೇಳಿ, ಅಲ್ಲಿ ಅರ್ಜಿ ಕೊಡಿ. 15100ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ. ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ ಅಡಿ ಕೇಸಿನ ಖರ್ಚನ್ನು ಗಂಡನಿಂದ ಕೊಡಿಸಿ ಅಂತಲೂ ಕೇಳಬಹುದು. ಅದನ್ನು ನಿಮ್ಮ ವಕೀಲರು ಹಾಕಿದ್ದಾರಾ, ಮೊದಲು ವಿಚಾರಿಸಿ.

ಪ್ರಶ್ನೆ ಕೇಳಿದ ಸದಸ್ಯೆ, ಬೆಂಗಳೂರು

ಮೇಡಂ, ಪತ್ರ ಕಳಿಸಿದೆ. ಡಿಕ್ರಿ ಕಾಪಿಗೂ ಕೋರ್ಟಿನಲ್ಲಿ ಅರ್ಜಿ ಕೊಟ್ಟೆ. ವಕೀಲರೇ ಫೋನ್ ಮಾಡಿದರು. ಶೇಕಡಾ 10, ಜಿಎಸ್‌ಟಿ, ಕಾಪಿ ಖರ್ಚು ಮೂರೂ ಬಿಡುತ್ತಾರಂತೆ. ಬಾಕಿ 15,000, ಮೀಡಿಯೇಷನ್‌ಗೆ 24,000, ಟೈಪಿಂಗ್‌ಗೆ 12,000 ಕೊಡಿ ಅಂದರು. ನಾಲ್ಕರಲ್ಲಿ ಎರಡು ಮೀಡಿಯೇಷನ್‌ಗೆ ನಾನೊಬ್ಬಳೇ ಹೋಗಿದ್ದೆ. ಮಿಕ್ಕ ಎರಡಕ್ಕೆ ಅವರ ಜೂನಿಯರ್ ಬಂದಿದ್ದರು. ಇವತ್ತೇ ಆಫೀಸಿಗೆ ಬಂದು ಕ್ಯಾಶ್ ಕೊಟ್ಟು ಫೈಲ್ ತೆಗೆದುಕೊಂಡು ಹೋಗಿ ಅಂತಿದ್ದಾರೆ.

ಉತ್ತರ (ವಕೀಲೆ)

ಒಳ್ಳೆಯದಾಯಿತು. ಈಗ ಉಳಿದದ್ದನ್ನೂ ಅಷ್ಟೇ ಸಮಾಧಾನದಿಂದ ಮಾಡಿ. ನೀವೊಬ್ಬರೇ ಹೋದ ಎರಡು ದಿನಕ್ಕೆ ಹಾಜರಾತಿ ಫೀಸ್ ಅನ್ನೋ ಪ್ರಶ್ನೆಯೇ ಇಲ್ಲ. ಜೂನಿಯರ್ ಬಂದ ಎರಡೂ ನಿಮ್ಮ ಒಪ್ಪಂದದ ಒಳಗೇ ಬರುತ್ತವೆ. ಆ ಹುಡುಗ ಅಥವಾ ಹುಡುಗಿ ನಿಮಗಾಗಿ ದುಡಿದಿದ್ದಾರೆ ಅನಿಸಿ ನೀವಾಗಿ ಏನಾದರೂ ಕೊಟ್ಟರೆ ಅದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಟೈಪಿಂಗ್, ಜೆರಾಕ್ಸ್‌ಗೆ ರಸೀದಿ ಅಥವಾ ಪುಟದ ಲೆಕ್ಕ ತೋರಿಸಿದಷ್ಟು ಕೊಡಿ, "ಸಣ್ಣಪುಟ್ಟ ಖರ್ಚು ಬೇರೆ" ಅಂತ ಮಾತಾಗಿತ್ತಲ್ಲ.

ಕ್ಯಾಶ್ ಬೇಡ. ಯುಪಿಐ ಮಾಡಿ, ಅದರಲ್ಲಿ "ಫೀಸ್ ಬಾಕಿ ಪೂರ್ತಿ" ಎಂದು ಬರೆಯಿರಿ. ಅಣ್ಣನನ್ನು ಜೊತೆಗೆ ಕರೆದುಕೊಂಡು ಹೋಗಿ. ಮೊದಲು ಫೈಲ್ ತೆರೆದು ಮದುವೆ ನೋಂದಣಿ ಪತ್ರ, ಮಗಳ ಜನನ ಪತ್ರ, ಮೂಲ ದಾಖಲೆ ಎಲ್ಲ ಇದೆಯಾ ನೋಡಿ. ಖಾಲಿ ಚೆಕ್ ಕೈಗೆ ಬರಲಿ, ನಂಬರ್ ಅದೇನಾ ಅಂತ ಓದಿಕೊಳ್ಳಿ. "ಯಾವ ಬಾಕಿಯೂ ಇಲ್ಲ" ಎಂದು ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿದ ರಸೀದಿ ಸಿಕ್ಕ ಮೇಲೆ ಅಲ್ಲೇ ಕೂತು ಹಣ ಕಳಿಸಿ. ಇವತ್ತೇ ಆಗಬೇಕು ಅಂತೇನಿಲ್ಲ, ಅಣ್ಣನಿಗೆ ಬಿಡುವಾದ ದಿನ ಹೋಗಿ.