ಓದುಗರ ಸ್ಪಂದನ: 'ಹೇಗೂ ಮನೆಯಲ್ಲೇ ಇದ್ದೀರಲ್ಲ!'

(ಬಳ್ಳಾರಿಯ ಓದುಗರೊಬ್ಬರು ಬರೆದಿದ್ದರು: ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ. ವೇಳೆ ಬೆಳಿಗ್ಗೆ 10ರಿಂದ ಸಂಜೆ 7. ಆದರೆ ರಾತ್ರಿ 9.30ಕ್ಕೂ ಫೋನ್, ಭಾನುವಾರವೂ ಮೆಸೇಜ್. ಕೇಳಿದರೆ 'ಹೇಗೂ ಮನೆಯಲ್ಲೇ ಇದ್ದೀರಲ್ಲ' ಎನ್ನುತ್ತಾರೆ. ಎದುರು ಮಾತಾಡಿದರೆ ಬೆಂಗಳೂರಿಗೇ ಬನ್ನಿ ಅಂದುಬಿಟ್ಟರೆ ಎಂಬ ಭಯ. ಏನು ಮಾಡಲಿ?)

ತಂಗಿ, ನಾನು ಫೋನ್ ಮಾಡುವ ಕಡೆ ಕೂತವನು. ಕೊಪ್ಪಳದ ಮನೆಯಿಂದಲೇ ಒಂದು ತಂಡ ನೋಡಿಕೊಳ್ಳುತ್ತೇನೆ. ಒಳಗಿನ ಮಾತು ಹೇಳಲೇ? ರಾತ್ರಿಯ ಫೋನ್ ಹೋಗುವುದು ಕೆಲಸ ಗೊತ್ತಿದ್ದವರಿಗಲ್ಲ, ಎರಡನೇ ರಿಂಗಿಗೆ ಎತ್ತುವವರಿಗೆ. ನೀವು ಎತ್ತುತ್ತೀರಿ, ಅದಕ್ಕೇ ಬರುತ್ತದೆ.

ಜಗಳ ಬೇಡ. ಫೋನಿನಲ್ಲಿ ಹೇಳಬೇಡಿ, ಇಮೇಲ್ ಬರೆಯಿರಿ. 'ಸಂಜೆ 6.30ಕ್ಕೆ ಆ ದಿನ ಮುಗಿದದ್ದು, ಬಾಕಿ ಉಳಿದದ್ದು ಬರೆದು ಕಳಿಸುತ್ತೇನೆ. 7ರ ನಂತರ ಸರ್ವರ್ ಕೆಟ್ಟರೆ ಮಾತ್ರ ಫೋನ್ ಮಾಡಿ. ಉಳಿದದ್ದಕ್ಕೆ ಬೆಳಿಗ್ಗೆ 10ಕ್ಕೆ ಉತ್ತರಿಸುತ್ತೇನೆ.' ಇಷ್ಟೇ ಸಾಕು. ಇದರಲ್ಲಿ 'ಆಗಲ್ಲ' ಅನ್ನುವ ಮಾತೇ ಇಲ್ಲ ನೋಡಿ. ಯಾವುದು ತುರ್ತು ಅಂತ ನೀವೇ ಹೇಳಿಬಿಟ್ಟಿರಿ, ಅಲ್ವಾ? 6.30ರ ಆ ಮೆಸೇಜ್ ಮಾತ್ರ ಒಂದು ದಿನವೂ ತಪ್ಪಬಾರದು. ನಮ್ಮಂಥವರು ರಾತ್ರಿ ಫೋನ್ ಮಾಡುವುದು ಹೆಚ್ಚಾಗಿ 'ಅದೆಲ್ಲಿಗೆ ಬಂತು' ಅಂತ ಕೇಳಲಿಕ್ಕೆ.

ಗಿರಾಕಿ ಅಮೆರಿಕದವರಾದರೆ ಲೆಕ್ಕ ಬೇರೆ. ಬೇಸಿಗೆಯಲ್ಲಿ ನಮ್ಮ ರಾತ್ರಿ 9.30 ಅಂದರೆ ನ್ಯೂಯಾರ್ಕಿನಲ್ಲಿ ಮಧ್ಯಾಹ್ನ 12. ಆ ಮೀಟಿಂಗ್ ತಪ್ಪಿಸಲು ಆಗುವುದಿಲ್ಲ. ಆಗ ಮರುದಿನ 12ಕ್ಕೆ ಕೆಲಸ ಶುರು ಮಾಡುತ್ತೇನೆ ಅಂತ ಕೇಳಿ ಪಡೆಯಿರಿ.
— ಓದುಗ, ಕೊಪ್ಪಳ

ಅಕ್ಕಾ, ನಿಮ್ಮ ಊರಿನವಳೇ ನಾನು. ಜೀನ್ಸ್ ಪ್ಯಾಂಟಿನ ದಾರ ಕತ್ತರಿಸುವ ಕೆಲಸ ಮನೆಗೇ ಬರುತ್ತದೆ. ರಾತ್ರಿ ಬಂಡಲ್ ತಂದು ಹಾಕಿ ಬೆಳಿಗ್ಗೆ ಬೇಕು ಅನ್ನುತ್ತಾರೆ. 'ಹೇಗೂ ಮನೆಯಲ್ಲೇ ಇದ್ದೀಯಲ್ಲ' ಅನ್ನುವ ಮಾತು ನಾವು ಕಂಪ್ಯೂಟರ್ ನೋಡುವ ಮೊದಲೇ ಕೇಳಿದ್ದೇವೆ. ಆದರೂ ಬಂಡಲ್ ಜಾಸ್ತಿಯಾದರೆ ನಮಗೆ ಪೀಸ್ ಲೆಕ್ಕದಲ್ಲಿ ದುಡ್ಡೂ ಜಾಸ್ತಿ. ನಿಮಗೆ ರಾತ್ರಿ ಕೆಲಸಕ್ಕೆ ಏನು ಕೊಡುತ್ತಾರೆ? ಒಮ್ಮೆ ಕೇಳಿ ನೋಡಿ.
— ಓದುಗರು, ಬಳ್ಳಾರಿ

ಮೇಡಂ, ಕಾನೂನಿನ ಮಾತು ಸ್ವಲ್ಪ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು. ಅದಕ್ಕಿಂತ ಹೆಚ್ಚು ದುಡಿಸಿಕೊಂಡರೆ ಓವರ್‌ಟೈಮಿಗೆ ಎರಡು ಪಟ್ಟು ಸಂಬಳ. ವಾರಕ್ಕೊಂದು ರಜೆ. ಆಡಳಿತ ನಡೆಸುವ ಹುದ್ದೆಯವರಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಬಹಳ ಕಂಪನಿಗಳು ಸುಮ್ನೆ 'ಮ್ಯಾನೇಜರ್' ಅಂತ ಹೆಸರು ಕೊಟ್ಟಿರುತ್ತವೆ. ಹಾಗಾಗಿ ನೇಮಕಾತಿ ಪತ್ರ ತೆಗೆದು, ನಿಮ್ಮ ಕೆಲಸ ಏನೆಂದು ಬರೆದಿದೆ ನೋಡಿ. 2025ರಲ್ಲಿ ಈ 9 ತಾಸನ್ನು ಏರಿಸುವ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘಟನೆ ಗಟ್ಟಿಯಾಗಿ ವಿರೋಧಿಸಿತು.

ಕೆಲಸ ಮುಗಿದ ಮೇಲೆ ಫೋನ್ ಎತ್ತದಿರುವ ಹಕ್ಕು ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರಿಂದ ಇದೆ. ನಮ್ಮಲ್ಲಿ ಲೋಕಸಭೆಗೆ ಖಾಸಗಿ ಮಸೂದೆಯಾಗಿ, ಅಂದರೆ ಸರ್ಕಾರದ್ದಲ್ಲದೆ ಸಂಸದರೊಬ್ಬರ ಮಸೂದೆಯಾಗಿ ಬಂತು, ಅಷ್ಟೆ; ಕಾನೂನಾಗಲಿಲ್ಲ. ಹಾಗಂತ ನಾಳೆಯೇ ನೋಟಿಸ್ ಕಳಿಸಿ ಅನ್ನುತ್ತಿಲ್ಲ. ಯಾವ ರಾತ್ರಿ ಎಷ್ಟು ಹೊತ್ತು ಕೆಲಸ ಮಾಡಿದಿರಿ ಅಂತ ತಾರೀಖಿನ ಸಮೇತ ಬರೆದಿಡಿ. ಸಂಬಳದ ಮಾತು ಬಂದ ದಿನ ಅದು ನಿಮ್ಮ ಕೈಯಲ್ಲಿರಲಿ.
— ವಕೀಲರು, ರಾಯಚೂರು

ಎಲ್ಲರೂ ಧೈರ್ಯ ಹೇಳುತ್ತಾರೆ, ನಾನು ಸ್ವಲ್ಪ ಭಯವನ್ನೇ ಹೇಳುತ್ತೇನೆ. ಸಿಂಧನೂರಿನಲ್ಲಿ ಕೂತು ಬೆಂಗಳೂರಿನ ಸಂಬಳ ಪಡೆಯುವ ಕೆಲಸ ಸುಲಭಕ್ಕೆ ಸಿಗುವುದಿಲ್ಲ. ಪ್ರೊಬೇಷನ್ ಮುಗಿದಿಲ್ಲ ಅಂದರೆ ಸದ್ಯ ಭಾನುವಾರವನ್ನಷ್ಟೇ ಉಳಿಸಿಕೊಳ್ಳಿ, ರಾತ್ರಿಯದು ಆಮೇಲೆ. ಆಫೀಸಿನ ಮೆಸೇಜಿಗೆ ಬಳಸುವ ಟೀಮ್ಸ್ ಆ್ಯಪ್‌ನಲ್ಲಿ 'ಕ್ವೈಟ್ ಅವರ್ಸ್' ಹಾಕಿದರೆ ಫೋನಿಗೆ ಸದ್ದು ಬರುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ನೀಲಿ ಟಿಕ್ ತೆಗೆದರೂ ಗ್ರೂಪಿನಲ್ಲಿ ನೀವು ಓದಿದ್ದು ಗೊತ್ತಾಗುತ್ತದೆ. ಅದಕ್ಕೇ ಆಫೀಸಿನ ಗ್ರೂಪನ್ನು ಭಾನುವಾರ ತೆರೆಯಲೇಬೇಡಿ.
— ಓದುಗ, ಸಿಂಧನೂರು