ರಕ್ಕಸತಂಗಡಿ ಯುದ್ಧವನ್ನು ಮೇಜಿನ ಮೇಲೆ ಆಡಲು ನಿಯಮಗಳನ್ನು ಹೇಗೆ ಹೊಂದಿಸಬೇಕು?

ಪ್ರಶ್ನೆ: ಎರೆಹೊಲ, ವಿಜಯಪುರ

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಗೆಳೆಯರು ರವಿವಾರಗಳಂದು ಒಂದೆಡೆ ಸೇರಿ, ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನು ಹೂಡಿ, ಅಳತೆಪಟ್ಟಿ ಮತ್ತು ದಾಳಗಳ ನೆರವಿನಿಂದ ವಾರ್‌ಗೇಮ್ ಆಡುತ್ತೇವೆ. ಅಗ್ಗದ ಪ್ಲಾಸ್ಟಿಕ್ ಗೊಂಬೆಗಳು ಸುಲಭವಾಗಿ ಸಿಗುವುದು ನೆಪೋಲಿಯನ್ ಕಾಲದವೇ ಆದ್ದರಿಂದ ಇದುವರೆಗೆ ಯುರೋಪಿನ ಕದನಗಳನ್ನೇ ಆಡುತ್ತ ಬಂದಿದ್ದೇವೆ. ಆದರೆ ನಮ್ಮ ಜಿಲ್ಲೆಯ ಅಂಚಿನಲ್ಲಿ, ಕೃಷ್ಣೆಯ ದಂಡೆಯಲ್ಲಿ 1565ರ ಜನವರಿ 23ರಂದು ವಿಜಯನಗರಕ್ಕೂ ದಖ್ಖನಿನ ಸುಲ್ತಾನರ ಕೂಟಕ್ಕೂ ನಡೆದ ಯುದ್ಧವನ್ನು ಬಿಟ್ಟು ವಾಟರ್‌ಲೂ ಆಡುತ್ತ ಕೂರುವುದು ಸರಿಯಲ್ಲವೆಂದು ಎಲ್ಲರಿಗೂ ಅನಿಸಿದೆ.

ಗೊಂಬೆಗಳ ಅಳತೆ ಯಾವುದಿರಬೇಕು, ಫಿರಂಗಿಗಳನ್ನು ಹೇಗೆ ತೋರಿಸಬೇಕು ಎಂಬ ಸಂದೇಹಗಳಿವೆ. ನಮ್ಮೂರಿನ ಷೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ಮೇಜಿನ ಮೇಲೆ ತರಲೇಬೇಕೆಂದು ನಮ್ಮಲ್ಲೊಬ್ಬರು ಹಟ ಹಿಡಿದಿದ್ದಾರೆ. ಆದರೆ ಇವೆಲ್ಲಕ್ಕಿಂತ ದೊಡ್ಡ ತೊಡಕು ಬೇರೆಯೇ ಇದೆ. ಈ ಯುದ್ಧದಲ್ಲಿ ಗೆದ್ದವರು ಯಾರೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ವಿಜಯನಗರ ಸೋಲಲೇಬೇಕೆನ್ನುವಂತೆ ನಿಯಮ ಮಾಡಿದರೆ ಆ ಪಕ್ಷವನ್ನು ವಹಿಸಿಕೊಳ್ಳಲು ಯಾರೂ ಮುಂದೆ ಬರುವುದಿಲ್ಲ; ಎರಡೂ ಪಕ್ಷಗಳನ್ನು ಸಮಬಲ ಮಾಡಿದರೆ ಅದು ರಕ್ಕಸತಂಗಡಿಯಾಗಿ ಉಳಿಯುವುದಿಲ್ಲ. ಮೇಲಾಗಿ, ವಿಜಯನಗರದ ಸೈನ್ಯವನ್ನು ನಡೆಸಿದ ಅಳಿಯ ರಾಮರಾಯನು ಸೆರೆಸಿಕ್ಕ ಕೂಡಲೇ ಸೈನ್ಯ ಚದುರಿತೆಂಬುದನ್ನು ತಿಳಿದಿರುವ ಯಾವ ಆಟಗಾರನಾದರೂ ರಾಮರಾಯನ ಗೊಂಬೆಯನ್ನು ಮೇಜಿನ ಹಿಂದಿನ ಅಂಚಿಗೆ ಸರಿಸಿ ನಿಶ್ಚಿಂತನಾಗಿಬಿಡುತ್ತಾನೆ. ಇದಕ್ಕೆ ಪರಿಹಾರವೇನು? ನಮ್ಮ ಮೇಜು ಆರು ಅಡಿ ಉದ್ದ, ನಾಲ್ಕು ಅಡಿ ಅಗಲವಿದೆ.

ಉತ್ತರ: ಉದ್ಯಮಬಾಗ, ಬೆಳಗಾವಿ

ಅಳತೆಯ ಮಟ್ಟಿಗೆ ನಾನು ಹೇಳಬಲ್ಲೆ. ಇತಿಹಾಸವನ್ನು ಓದಿದವರು ಮುಂದಿನದನ್ನು ಹೇಳಲಿ.

28 ಮಿಲಿಮೀಟರ್ ಗೊಂಬೆಗಳ ಆಸೆಯನ್ನು ಈ ಯುದ್ಧಕ್ಕೆ ಬಿಡುವುದು ಒಳ್ಳೆಯದು. ಮುಖದ ಮೇಲಿನ ಮೀಸೆಯವರೆಗೆ ಬಣ್ಣ ಬಳಿಯಬಹುದಾದ ಆ ಗೊಂಬೆಗಳು ಇಪ್ಪತ್ತು ಮೂವತ್ತು ಜನರ ಕಾದಾಟಕ್ಕೆ ಚೆನ್ನ. ಲಕ್ಷಗಳ ಲೆಕ್ಕದಲ್ಲಿ ಹೇಳಲಾಗುವ ಸೈನ್ಯಗಳನ್ನು ಅವುಗಳಿಂದ ತೋರಿಸಲು ಹೊರಟರೆ ಮೇಜೂ ಸಾಲದು, ವಿದೇಶದಿಂದ ತರಿಸುವ ಖರ್ಚು ಮತ್ತು ಅದರ ಮೇಲಿನ ಸುಂಕವನ್ನು ಹೊರುವ ಶಕ್ತಿಯೂ ಸಾಲದು. 15 ಮಿಲಿಮೀಟರ್ ಗೊಂಬೆಗಳನ್ನು ಆರಿಸಿಕೊಳ್ಳಿ. ಅವು ಹೆಚ್ಚುಕಡಿಮೆ ನೂರಕ್ಕೆ ಒಂದರ ಪ್ರಮಾಣದವು. ಹೀಗಾಗಿ ಲೆಕ್ಕವೂ ಸುಲಭ, ಒಂದು ಮೀಟರ್ ಎಂದರೆ ಒಂದು ಸೆಂಟಿಮೀಟರ್. ಹದಿನಾಲ್ಕು ಅಡಿಗೂ ಮಿಕ್ಕಿದ ಮಲಿಕ್-ಎ-ಮೈದಾನ್ ಈ ಪ್ರಮಾಣದಲ್ಲಿ ನಾಲ್ಕು ಸೆಂಟಿಮೀಟರಿಗಿಂತ ತುಸು ಉದ್ದವಾಗುತ್ತದೆ. ನಿಮ್ಮ ಗೆಳೆಯರು ಒಂದು ಪೆನ್ನಿನ ಕೊಳವೆಯಿಂದಲೇ ಅದನ್ನು ಮಾಡಿಕೊಳ್ಳಬಹುದು. ಐವತ್ತೈದು ಟನ್ನಿನಷ್ಟು ತೂಕ ಹೇಳಲಾಗುವ ಆ ತೋಪು ಒಮ್ಮೆ ಇಟ್ಟ ಜಾಗದಿಂದ ಆಟ ಮುಗಿಯುವವರೆಗೆ ಕದಲಬಾರದೆಂಬ ನಿಯಮವನ್ನು ಮಾತ್ರ ಮರೆಯಬೇಡಿ.

ಗೊಂಬೆಗಳನ್ನು ಬಿಡಿಬಿಡಿಯಾಗಿ ಸರಿಸದೆ 40 ಮಿಲಿಮೀಟರ್ ಅಗಲದ ಬೇಸ್‌ಗಳ ಮೇಲೆ ಅಂಟಿಸಿ. ನಮ್ಮೂರಿನ ಲೇಸರ್ ಕಟಿಂಗ್ ಅಂಗಡಿಗಳಲ್ಲಿ ಎರಡು ಮಿಲಿಮೀಟರ್ ದಪ್ಪದ ಎಂಡಿಎಫ್ ಹಲಗೆಯನ್ನು ಇದೇ ಅಳತೆಗೆ ಕತ್ತರಿಸಿ ಕೊಡುತ್ತಾರೆ. ನಿಮ್ಮಲ್ಲೂ ಅಂಥ ಅಂಗಡಿಗಳು ಇದ್ದೇ ಇರುತ್ತವೆ. ಒಂದು ಬೇಸ್ ಎಂದರೆ ಎಷ್ಟು ಸಾವಿರ ಜನ ಎಂಬ ಚರ್ಚೆಗೆ ಇಳಿಯಬೇಡಿ, ಏಕೆಂದರೆ ಅಂದಿನ ಬರಹಗಾರರು ಕೊಡುವ ಸಂಖ್ಯೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಪಕ್ಷಗಳ ನಡುವಿನ ಪ್ರಮಾಣವನ್ನಷ್ಟೇ ನಿಶ್ಚಯಿಸಿಕೊಂಡರೆ ಸಾಕು.

ನಿಯಮಗಳ ಬಗ್ಗೆ ಒಂದು ಮಾತು. 1990ರಲ್ಲಿ ಬಂದ ಡಿಬಿಎ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ಎಂಬ ವಾರ್‌ಗೇಮ್ ನಿಯಮಗಳು ಒಂದು ಪಕ್ಷಕ್ಕೆ ಹನ್ನೆರಡೇ ಬೇಸ್ ಕೊಡುತ್ತವೆ. ದಾಳದಲ್ಲಿ ಬಿದ್ದಷ್ಟು ಆಜ್ಞೆಗಳನ್ನು ಮಾತ್ರ ಸೇನಾಪತಿ ನೀಡಬಹುದು. ಕಲಿಯಲು ಅದಕ್ಕಿಂತ ಸುಲಭವಾದದ್ದಿಲ್ಲ. ಆದರೆ ಅದರ ಕಾಲವ್ಯಾಪ್ತಿ 1500ಕ್ಕೆ ಮುಗಿಯುತ್ತದೆ. ಅದರ ಮುಂದಿನ ಎರಡು ಶತಮಾನಗಳಿಗಾಗಿ ಅದೇ ಬಳಗದ ಡಿಬಿಆರ್ ಇದೆ. ಅದರಲ್ಲಿ ಸೈನ್ಯದ ಒಂದೊಂದು ದಳಕ್ಕೂ ಪ್ರತ್ಯೇಕ ದಾಳ ಇರುವುದರಿಂದ ಒಬ್ಬ ಸುಲ್ತಾನನ ದಾಳದಲ್ಲಿ ಆರು ಬಿದ್ದರೂ ಪಕ್ಕದ ಸುಲ್ತಾನನಿಗೆ ಅದರಿಂದ ಚಿಕ್ಕಾಸಿನ ಪ್ರಯೋಜನವಿಲ್ಲ. ಒಲ್ಲದ ಮನಸ್ಸಿನಿಂದ ಒಂದಾದ ಸುಲ್ತಾನರ ಕೂಟಕ್ಕೆ ಇದಕ್ಕಿಂತ ತಕ್ಕ ನಿಯಮ ನನಗೆ ಕಂಡಿಲ್ಲ.

ಬಣ್ಣದ ವಿಷಯದಲ್ಲಿ ನಿಮ್ಮ ಊರಿನ ಹವೆ ಮತ್ತು ನಮ್ಮ ಊರಿನ ಹವೆ ತದ್ವಿರುದ್ಧ. ಇಲ್ಲಿ ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ (ಬಣ್ಣಕ್ಕೆ ಮೊದಲು ಕೊಡುವ ಅಡಿಲೇಪ) ಹೊಡೆದರೆ ಗಾಳಿಯ ತೇವಕ್ಕೆ ಗೊಂಬೆಗಳ ಮೇಲೆ ಬಿಳಿಯ ಮಬ್ಬು ಕೂರುತ್ತದೆ. ನಿಮ್ಮಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಹೊಡೆದರೆ ಬಣ್ಣದ ಹನಿ ಗೊಂಬೆಯನ್ನು ಮುಟ್ಟುವ ಮೊದಲೇ ಒಣಗಿ, ಮೈಯೆಲ್ಲ ಮರಳು ಮೆತ್ತಿದಂತೆ ಒರಟಾಗುತ್ತದೆ. ಬೆಳಗಿನ ತಂಪಿನಲ್ಲಿ, ಇಲ್ಲವೇ ಕುಂಚದಿಂದಲೇ ಪ್ರೈಮರ್ ಬಳಿಯಿರಿ. ಆನೆಗಳಿಗೆ ಬರಿಯ ಬೂದು ಬಣ್ಣ ಸಾಲದು. ಬೂದಿನ ಮೇಲೆ ನೀರಾಗಿಸಿದ ಕಂದು ಬಣ್ಣವನ್ನು ಹರಿಬಿಟ್ಟು, ಅದು ಸುಕ್ಕುಗಳಲ್ಲಿ ಇಳಿದು ಒಣಗಿದ ಮೇಲೆ ಒಣಕುಂಚದಿಂದ ತಿಳಿಬೂದು ಸವರಿ, ಕಿವಿಯ ಅಂಚಿಗೂ ಸೊಂಡಿಲಿನ ಬುಡಕ್ಕೂ ಗುಲಾಬಿ ಚುಕ್ಕೆಗಳನ್ನಿಟ್ಟರೆ ಅದು ನಮ್ಮ ನಾಡಿನ ಆನೆಯಾಗುತ್ತದೆ.

ಉತ್ತರ: ಹಳೇ ನಕಾಶೆ, ಹುನಗುಂದ

ಪ್ರಶ್ನೆ ಕೇಳಿದವರು ಫಲಿತಾಂಶ ಗೊತ್ತಿರುವುದನ್ನೇ ತೊಡಕೆಂದು ಭಾವಿಸಿದ್ದಾರೆ. ಆದರೆ ಪಾರಸಿಯಲ್ಲಿ ಇತಿಹಾಸ ಬರೆದ ಫೆರಿಸ್ತಾನ ವಿವರಣೆಯನ್ನು ನಿಧಾನವಾಗಿ ಓದಿದರೆ, ಆ ದಿನ ಬಹಳ ಹೊತ್ತಿನವರೆಗೆ ಫಲಿತಾಂಶ ಯಾರ ಕೈಯಲ್ಲೂ ಇರಲಿಲ್ಲವೆಂಬುದು ಕಾಣುತ್ತದೆ. ಸುಲ್ತಾನರ ಬಲಗಡೆ ವಿಜಾಪುರದ ಅಲಿ ಆದಿಲ್ ಶಾಹ, ಎಡಗಡೆ ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹ ಮತ್ತು ಬೀದರಿನ ಅಲಿ ಬರೀದ್ ಶಾಹ, ನಡುವೆ ಅಹಮದನಗರದ ಹುಸೇನ್ ನಿಜಾಮ್ ಶಾಹ ನಿಂತಿದ್ದರು. ವಿಜಯನಗರದ ಎರಡು ಪಕ್ಕಗಳಲ್ಲಿ ರಾಮರಾಯನ ತಮ್ಮಂದಿರಾದ ತಿರುಮಲ ಮತ್ತು ವೆಂಕಟಾದ್ರಿ ಇದ್ದರು. ರಾಮರಾಯ ಸ್ವತಃ ಹುಸೇನನಿಗೆ ಎದುರಾಗಿದ್ದ. ಪಕ್ಕಗಳಲ್ಲಿ ಸುಲ್ತಾನರ ಸೈನ್ಯವೇ ಹಿಂದೆ ಸರಿಯತೊಡಗಿತ್ತು. ತೀರ್ಮಾನವಾದದ್ದು ನಡುವಿನಲ್ಲಿ. ಆದ್ದರಿಂದ ನಿಮ್ಮ ಆಟವನ್ನು ಹೊತ್ತಿನ ಮೇಲಿನ ಪೈಪೋಟಿಯಾಗಿ ರೂಪಿಸಿರಿ: ತಮ್ಮಂದಿರು ಎದುರಿನ ಪಕ್ಕಗಳನ್ನು ಮುರಿಯುವುದು ಮೊದಲೋ, ಹುಸೇನನ ಫಿರಂಗಿಗಳು ನಡುವನ್ನು ಮುರಿಯುವುದು ಮೊದಲೋ ಎಂಬುದೇ ಪ್ರಶ್ನೆಯಾದರೆ ಎರಡೂ ಕಡೆಯವರಿಗೆ ಗೆಲ್ಲುವ ದಾರಿ ಇರುತ್ತದೆ.

ಫಿರಂಗಿಗಳ ನಿಯಮವನ್ನು ಈ ಯುದ್ಧದ ಜೀವಾಳವೆಂದು ತಿಳಿಯಿರಿ. ಹುಸೇನನ ಫಿರಂಗಿದಳದ ಮುಖ್ಯಸ್ಥ ಚಲಬಿ ರೂಮಿ ಖಾನನು ಆರುನೂರು ತೋಪುಗಳನ್ನು ಮೂರು ಸಾಲಾಗಿ ಹೂಡಿದ್ದನೆಂದು ಫೆರಿಸ್ತಾ ಹೇಳುತ್ತಾನೆ. ಮೊದಲ ಸಾಲಿನಲ್ಲಿ ಭಾರಿ ತೋಪುಗಳು, ನಡುವೆ ಸಣ್ಣವು, ಕೊನೆಗೆ ಜಂಬೂರಕಗಳೆಂಬ, ಗೂಟದ ಮೇಲೆ ತಿರುಗುವ ಪುಟ್ಟ ತೋಪುಗಳು. ಅವುಗಳನ್ನು ಮರೆಮಾಡಲು ಎರಡು ಸಾವಿರ ಬಿಲ್ಲುಗಾರರನ್ನು ಮುಂದೆ ನಿಲ್ಲಿಸಿ, ವೈರಿ ಹತ್ತಿರ ಬಂದಾಗ ಅವರನ್ನು ಹಿಂದಕ್ಕೆ ಸರಿಸಲಾಯಿತು. ತಾಮ್ರದ ನಾಣ್ಯಗಳ ಚೀಲಗಳನ್ನು ತುಂಬಿ ಹಾರಿಸಿದ್ದೂ ಇದೇ ಕದನದಲ್ಲಿ. ಮೇಜಿನ ಮೇಲೆ ಇದನ್ನು ಹೀಗೆ ತರಬಹುದು: ಬಿಲ್ಲುಗಾರರ ಬೇಸ್‌ಗಳು ಮುಂದಿರುವವರೆಗೆ ಫಿರಂಗಿಗಳಿಗೆ ಗುಂಡು ಹಾರಿಸುವ ಹಕ್ಕಿಲ್ಲ. ಅವರನ್ನು ಬೇಗ ಸರಿಸಿದರೆ ದೂರದ ಹೊಡೆತ ದುರ್ಬಲ. ತೀರ ತಡ ಮಾಡಿದರೆ ಅವರು ಸರಿಯುವಷ್ಟರಲ್ಲಿ ಆನೆಗಳು ತೋಪಿನ ಮೇಲೆಯೇ ಬಂದಿರುತ್ತವೆ. ಸರಿಸಲು ಬೇಕಾದ ಆಜ್ಞೆಯೂ ಆ ಸರದಿಯ ದಾಳದಿಂದಲೇ ಬರಬೇಕು. ಹುಸೇನನ ಪಾತ್ರ ವಹಿಸಿದವರ ಅಂಗೈ ಬೆವರುವುದು ಇಲ್ಲಿಯೇ.

ರಾಮರಾಯನನ್ನು ಹಿಂದಿನ ಅಂಚಿನಲ್ಲಿ ಬಚ್ಚಿಡುವ ಜಾಣತನಕ್ಕೂ ಮದ್ದು ಅದೇ ವಿವರಣೆಯಲ್ಲಿದೆ. ಬಹಳ ವಯಸ್ಸಾಗಿದ್ದ ಆತ ಪಲ್ಲಕ್ಕಿಯಲ್ಲಿ ರಣಕ್ಕೆ ಬಂದ. ಕುದುರೆ ಏರಬೇಕೆಂದು ಸುತ್ತಲಿನವರು ಬೇಡಿಕೊಂಡರೂ ಕೇಳಲಿಲ್ಲ. ಕಾಳಗ ಬಿರುಸಾದಾಗ ಸಿಂಹಾಸನ ಹಾಕಿಸಿಕೊಂಡು ಕುಳಿತು ಸೈನಿಕರಿಗೆ ಹಣ, ಒಡವೆಗಳನ್ನು ಹಂಚಿ ಹುರಿದುಂಬಿಸಿದ. ಆತ ಕಣ್ಣಿಗೆ ಬೀಳುವಷ್ಟು ಹತ್ತಿರವಿದ್ದುದೇ ಸೈನ್ಯದ ಬಲವಾಗಿತ್ತು. ಹಾಗಾಗಿ ಪಲ್ಲಕ್ಕಿಯಿಂದ ಒಂದು ಅಡಿಯ ಒಳಗಿರುವ ವಿಜಯನಗರದ ಪ್ರತಿಯೊಂದು ಬೇಸಿಗೂ ದಾಳದ ಮೇಲೆ ಒಂದು ಹೆಚ್ಚಿಗೆ ಕೊಡಿ, ಹೊರಗಿರುವವರಿಗೆ ಏನನ್ನೂ ಕೊಡಬೇಡಿ, ಪಲ್ಲಕ್ಕಿಯ ನಡಿಗೆಯನ್ನು ಎಲ್ಲಕ್ಕಿಂತ ನಿಧಾನವಾಗಿಸಿ. ಬಚ್ಚಿಟ್ಟ ಆಟಗಾರ ನಡುವಿನ ಸಾಲನ್ನು ಬೇಗ ಕಳೆದುಕೊಳ್ಳುತ್ತಾನೆ; ಮುಂದೆ ತಂದವನು, ನಿಜಾಮ್ ಶಾಹನ ಆನೆಯೊಂದು ನುಗ್ಗಿ ಬಂದಾಗ ಬೋಯಿಗಳು ಪಲ್ಲಕ್ಕಿಯನ್ನು ಬಿಟ್ಟು ಓಡಿದ ಆ ಗಳಿಗೆಗೆ ತನ್ನನ್ನು ಒಡ್ಡಿಕೊಳ್ಳುತ್ತಾನೆ. ಎರಡರಲ್ಲಿ ಒಂದನ್ನು ತಿಳಿದೇ ಆರಿಸಿಕೊಳ್ಳಲಿ.

ಇನ್ನು ದ್ರೋಹದ ಮಾತು ಬಂದೇ ಬರುತ್ತದೆ. 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸ್ಸಿನ ವರ್ತಕ ಫೆಡ್ರಿಚಿ, ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸ್ಲಿಂ ಸರದಾರರು ತಿರುಗಿಬಿದ್ದದ್ದೇ ಸೋಲಿಗೆ ಕಾರಣವೆಂದು ಬರೆದ. ಇದನ್ನು ಎಷ್ಟರ ಮಟ್ಟಿಗೆ ನಂಬಬೇಕೆಂಬುದರಲ್ಲಿ ಇತಿಹಾಸಕಾರರು ಒಂದಾಗಿಲ್ಲ. ಆಟಗಾರರು ಆ ಜಗಳವನ್ನು ಬಗೆಹರಿಸಬೇಕಾಗಿಲ್ಲ. ನಾಲ್ಕಾರು ಚೀಟಿಗಳನ್ನು ಲಕೋಟೆಯಲ್ಲಿ ಹಾಕಿ, ಒಂದರಲ್ಲಿ ಮಾತ್ರ ಪಕ್ಷಾಂತರವೆಂದು ಬರೆದು, ಮಧ್ಯಸ್ಥನ ಕೈಗೆ ಕೊಡಿ. ಆ ಇಬ್ಬರು ಸರದಾರರ ಬೇಸ್‌ಗಳನ್ನು ನಂಬಿ ಸಾಲಿನಲ್ಲಿ ನಿಲ್ಲಿಸಬೇಕೋ, ಅನುಮಾನಿಸಿ ಹಿಂದೆ ಇಟ್ಟು ಸಾಲನ್ನು ಮೊಟಕು ಮಾಡಿಕೊಳ್ಳಬೇಕೋ ಎಂದು ವಿಜಯನಗರದವರು ತೀರ್ಮಾನಿಸಲಿ.

ಉತ್ತರ: ಮಲಪ್ರಭೆ, ಬೈಲಹೊಂಗಲ

ಮೇಲಿನ ಎರಡೂ ಉತ್ತರಗಳು ಚೆನ್ನಾಗಿವೆ. ಆದರೆ ಗೊಂಬೆಗಳನ್ನು ಇನ್ನೂ ಕೊಂಡಿಲ್ಲದವರು ಮೊದಲು ಕಿತ್ತೂರನ್ನು ಆಡಿ ನೋಡಬೇಕೆಂಬುದು ನನ್ನ ಅಭಿಪ್ರಾಯ. 1824ರ ಅಕ್ಟೋಬರ್ 23ರಂದು ಕೋಟೆಯ ಬಾಗಿಲಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ ಕದನ ಚಿಕ್ಕದು; ಒಂದು ಬಾಗಿಲು, ಕೆಲವು ಫಿರಂಗಿ, ಹೊರನುಗ್ಗುವ ಕುದುರೆಗಳು. ನಿಮ್ಮ ಬಳಿಯಿರುವ ನೆಪೋಲಿಯನ್ ಕಾಲದ ಗೊಂಬೆಗಳಲ್ಲೇ ಕಂಪನಿಯ ಸಿಪಾಯಿಗಳನ್ನು ಬಣ್ಣ ಬದಲಿಸಿ ಮಾಡಿಕೊಳ್ಳಬಹುದು. ಪ್ರಷ್ಯಾದ ರೈಸ್ವಿಟ್ಸ್ ಎಂಬ ತರುಣ ಅಧಿಕಾರಿ ನಕಾಶೆ, ದಾಳ ಮತ್ತು ಮಧ್ಯಸ್ಥನನ್ನು ಬಳಸುವ ತನ್ನ ಯುದ್ಧದಾಟದ ನಿಯಮಗಳನ್ನು ಪ್ರಕಟಿಸಿದ್ದೂ ಅದೇ 1824ರಲ್ಲಿ.

ನೆಲವನ್ನು ಮಾಡುವ ಬಗೆಯನ್ನು ಯಾರೂ ಹೇಳಿಲ್ಲ. ಬೆಳಗಾವಿಯ ಮಕ್ಕಳು ದೀಪಾವಳಿಗೆ ಕಟ್ಟುವ ಮಣ್ಣಿನ ಕಿಲ್ಲೆಯನ್ನು ನೋಡಿದವರಿಗೆ ಅದು ಕಷ್ಟವಲ್ಲ. ಕಲ್ಲುಗಳ ಮೇಲೆ ಕೆಸರಿನಲ್ಲಿ ಅದ್ದಿದ ಗೋಣಿಚೀಲ ಹೊದಿಸಿ ಅವರು ಗುಡ್ಡ ಮಾಡುತ್ತಾರೆ; ನೀವು ಥರ್ಮೊಕೋಲ್ ತುಂಡುಗಳ ಮೇಲೆ ಫೆವಿಕಾಲ್ ನೀರಿನಲ್ಲಿ ಅದ್ದಿದ ಹಳೆಯ ಬಟ್ಟೆ ಹೊದಿಸಿದರೆ ಒಣಗಿದ ಮೇಲೆ ಅದೇ ಏರಿಳಿತ ಹಗುರವಾಗಿ ಬರುತ್ತದೆ. ದೀಪಾವಳಿ ಸಂತೆಯ ಮಣ್ಣಿನ ಮಾವಳೆಗಳನ್ನು (ಶಿವಾಜಿಯ ಸೈನಿಕರ ಗೊಂಬೆಗಳನ್ನು) ಮಾತ್ರ ತರಬೇಡಿ, ಅವು ನಿಮ್ಮ ಅಳತೆಗೆ ರಾಕ್ಷಸರಾಗುತ್ತವೆ.

ಪ್ರಶ್ನೆ ಕೇಳಿದವರಿಂದ: ಎರೆಹೊಲ, ವಿಜಯಪುರ

ಮೂವರಿಗೂ ಧನ್ಯವಾದಗಳು. ಮಲಪ್ರಭೆಯವರ ಮಾತನ್ನು ಒಪ್ಪಿ ಮೊದಲು ಕಿತ್ತೂರನ್ನು ಆಡುತ್ತೇವೆ. ಆದರೆ 15 ಮಿಲಿಮೀಟರ್ ಗೊಂಬೆಗಳಿಗೆ ಈಗಲೇ ಹೇಳಿಡುವೆವು. ಬಿಲ್ಲುಗಾರರ ಮರೆಯ ನಿಯಮ ಎಲ್ಲರಿಗೂ ಹಿಡಿಸಿತು. ಎರಡು ಸಂಗತಿಗಳು ಉಳಿದಿವೆ. ಜನವರಿಯಲ್ಲಿ ನಮ್ಮ ಎರೆಯಲ್ಲಿ ಹಿಂಗಾರಿ ಜೋಳ ಆಳೆತ್ತರ ನಿಂತಿರುತ್ತದೆ. ಅದನ್ನು ಮೇಜಿನ ಮೇಲೆ ತೋರಿಸಬೇಕೇ? ಮತ್ತು ನದಿಯನ್ನು ಮೇಜಿನೊಳಗೆ ತರಬೇಕೇ? ಜೊತೆಗೆ, ರಾಮರಾಯ ಸೆರೆಯಾದ ಕೂಡಲೇ ಆಟ ಮುಗಿಯಿತೆಂದರೆ ಪಕ್ಕಗಳಲ್ಲಿ ಗೆಲ್ಲುತ್ತಿರುವವರಿಗೆ ಅನ್ಯಾಯವಾಗುವುದಿಲ್ಲವೇ?

ಉತ್ತರ: ಹಳೇ ನಕಾಶೆ, ಹುನಗುಂದ

ಜೋಳವನ್ನು ಖಂಡಿತ ತೋರಿಸಿ. ಕಾಲೊರೆಸುವ ತೆಂಗಿನ ನಾರಿನ ಚಾಪೆಯನ್ನು ಪಟ್ಟಿಗಳಾಗಿ ಕತ್ತರಿಸಿ ತುದಿಗಳಿಗೆ ಮಾಸಲು ಬಿಳುಪು ಸವರಿದರೆ ತೆನೆ ಬಿಟ್ಟ ಹೊಲವಾಗುತ್ತದೆ. ಎರಡು ಮೀಟರ್ ಎತ್ತರದ ದಂಟು ನಿಮ್ಮ ಅಳತೆಯಲ್ಲಿ ಎರಡು ಸೆಂಟಿಮೀಟರ್. ಅದರೊಳಗಿನ ಕಾಲಾಳು ಕಾಣಬಾರದು, ಆನೆಯ ಮೇಲಿನವನು ಕಾಣಬೇಕು. ಅಂದು ಆ ಜಾಗದಲ್ಲಿ ಬೆಳೆ ನಿಂತಿತ್ತೆಂದು ನಾನು ವಾದಿಸುವುದಿಲ್ಲ. ಅಷ್ಟು ದೊಡ್ಡ ಸೈನ್ಯಗಳು ಬೀಡುಬಿಟ್ಟ ನೆಲದಲ್ಲಿ ಕುದುರೆಗಳು ಎಷ್ಟು ಉಳಿಸಿದ್ದವೋ. ಪಕ್ಕಗಳ ಅಂಚಿನಲ್ಲಿ ಒಂದೆರಡು ಹೊಲ ಸಾಕು.

ನದಿಯನ್ನು ಮೇಜಿನ ಹೊರಗಿಡಿ. ಕಾವಲಿದ್ದ ಹಾಯ್ಗಡವನ್ನು ಬಿಟ್ಟು ಸುಲ್ತಾನರು ದಂಡೆಯುದ್ದಕ್ಕೂ ಸಾಗಿ, ವಿಜಯನಗರದವರು ಎದುರು ದಂಡೆಯಲ್ಲಿ ಬೆನ್ನು ಹತ್ತಿದಾಗ ತಟ್ಟನೆ ಹಿಂದಿರುಗಿ, ಕಾವಲು ತಪ್ಪಿದ ಅದೇ ಹಾಯ್ಗಡದಲ್ಲಿ ದಾಟಿದರು. ಇದನ್ನು ಬೇರೊಂದು ಸಂಜೆ ನಕಾಶೆಯ ಮೇಲೆ, ಇಬ್ಬರನ್ನು ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ, ಮಧ್ಯಸ್ಥನ ಮೂಲಕ ಆಡಿಸಿರಿ. ಆಲಮಟ್ಟಿ ಮತ್ತು ನಾರಾಯಣಪುರ ಅಣೆಕಟ್ಟುಗಳ ನಡುವೆ ತುಂಬಿ ನಿಂತಿರುವ ಇಂದಿನ ಕೃಷ್ಣೆಯನ್ನು ನೋಡಿ ನಕಾಶೆ ಬರೆಯಬೇಡಿ. ಅಂದಿನ ಪಾತ್ರ ಅದಲ್ಲ.

ರಾಮರಾಯ ಸೆರೆಯಾದರೆ ಆಟವನ್ನು ಅಲ್ಲಿಗೇ ನಿಲ್ಲಿಸಬೇಡಿ. ಆ ಸರದಿಯಿಂದ ವಿಜಯನಗರದ ಪ್ರತಿ ದಳವೂ ದಾಳ ಹಾಕಿ ನಿಲ್ಲುತ್ತದೋ ಚದುರುತ್ತದೋ ನೋಡಲಿ, ಆಮೇಲೆ ಎಷ್ಟು ಬೇಸ್‌ಗಳು ದಕ್ಷಿಣದ ಅಂಚಿನಿಂದ ಕೂಡಿಕೊಂಡು ಹೊರಬೀಳುತ್ತವೆಂದು ಎಣಿಸಿ. ತಿರುಮಲ ರಣದಿಂದ ಪಾರಾಗಿ, ಹೆಸರಿಗೆ ಅರಸನಾಗಿದ್ದ ಸದಾಶಿವರಾಯನನ್ನೂ ಆನೆಗಳ ಮೇಲೆ ಹೇರಿದ ಬೊಕ್ಕಸವನ್ನೂ ಪೆನುಕೊಂಡೆಗೆ ಸಾಗಿಸಿದ. ತಿರುಮಲನ ದಳದ ಅರ್ಧಕ್ಕಿಂತ ಹೆಚ್ಚು ಬೇಸ್‌ಗಳನ್ನು, ವೆಂಕಟಾದ್ರಿಯನ್ನೂ ಸೇರಿಸಿ ಪಾರುಮಾಡಿದ ಆಟಗಾರನಿಗೆ ಸಮಬಲದ ಅಂಕ ಕೊಡಿ. ತಿರುಮಲನೂ ಸಿಕ್ಕಿಬಿದ್ದರೆ ಸುಲ್ತಾನರಿಗೆ ಎರಡು ಪಟ್ಟು ಅಂಕ ಬರಲಿ.