ಅಯ್ಯನವರನ್ನು ಕೇಳಿ: ಬಡ್ಡಿ, ಒತ್ತೆ, ಎಣ್ಣೆ ಬಾಟಲಿ

(ಮುಂಬಯಿಯ ಕನ್ನಡ ಕ್ರೈಸ್ತರ ಗುಂಪು; ಕೇಳುವವರಿಗೆ ಅವರವರ ಊರಿನ ಹೆಸರು, ಉತ್ತರಿಸುವ ಅಯ್ಯನವರು ಸಭಾಪಾಲಕರು, ಅಂದರೆ ಪಾಸ್ಟರ್)

ಕುರ್ಲಾ: ಅಯ್ಯನವರೇ, ನಮ್ಮ ಸಭೆಯ ರಿಕ್ಷಾ ಚಾಲಕನೊಬ್ಬನಿಗೆ ಮಗಳ ಆಪರೇಷನ್ನಿಗೆಂದು 80,000 ರೂಪಾಯಿ ಕೊಟ್ಟೆ. ತಿಂಗಳಿಗೆ ನೂರಕ್ಕೆ ಮೂರರ ಬಡ್ಡಿ. ಎರಡು ತಿಂಗಳಿಂದ ಬಂದಿಲ್ಲ. ರಿಕ್ಷಾದ ಕೀಲಿ ತಂದಿಟ್ಟುಕೊಂಡಿದ್ದೇನೆ. ತಪ್ಪೇ?

ಅಯ್ಯನವರು: ತಪ್ಪು. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಬೇಡವೆಂದು ಬೈಬಲಿನ ವಿಮೋಚನಕಾಂಡ 22:25ರಲ್ಲಿದೆ. ಆದರೆ ನನ್ನ ನಿದ್ದೆ ಕೆಡಿಸಿದ್ದು ಬಡ್ಡಿಯಲ್ಲ, ಕೀಲಿ. ಧರ್ಮೋಪದೇಶಕಾಂಡ 24:6 ತೆಗೆಯಿರಿ. ಬೀಸುವ ಕಲ್ಲನ್ನು, ಅದರ ಮೇಲಿನ ಕಲ್ಲೊಂದನ್ನು ಕೂಡ, ಒತ್ತೆ ಹಿಡಿಯಬಾರದು; ಹಿಡಿದರೆ ಜೀವವನ್ನೇ ಹಿಡಿದಂತೆ. ಮೇಲಿನ ಕಲ್ಲು ಹೋದರೆ ಕೆಳಗಿನದು ದಂಡ. ಆ ಮನೆಯಲ್ಲಿ ಅಂದು ಹಿಟ್ಟಿಲ್ಲ. ನಿಮ್ಮ ಜೇಬಿನ ಕೀಲಿಯೇ ಆ ಕಲ್ಲು. ರಿಕ್ಷಾ ಚಾಳಿನ ಮುಂದೆ ಧೂಳು ತಿನ್ನುತ್ತಿದ್ದರೆ ಅವನು ದುಡಿಯುವುದೆಲ್ಲಿ, ತೀರಿಸುವುದೆಲ್ಲಿ? ಒತ್ತೆಗಾಗಿ ಮನೆಯೊಳಗೆ ಹೋಗದೆ ಹೊರಗೇ ನಿಲ್ಲಬೇಕೆಂದು ಅದೇ ಅಧ್ಯಾಯದಲ್ಲಿದೆ. ಕೀಲಿಯನ್ನು ಹೇಗೆ ತಂದಿರೆಂದು ನಾನು ಕೇಳುವುದಿಲ್ಲ. ಇಂದು ರಾತ್ರಿಯೇ ಕೊಟ್ಟು ಬನ್ನಿ. ಅಸಲು ಕೇಳಿ, ಬೇಡವೆನ್ನುವುದಿಲ್ಲ. ಇನ್ನೊಂದು ಮಾತು: ಇದು ಕೈಸಾಲವೋ ಕಸುಬೋ? ಕಸುಬಾದರೆ ಮಹಾರಾಷ್ಟ್ರದ 2014ರ ಲೇವಾದೇವಿ ಕಾಯ್ದೆಯಂತೆ ಪರವಾನಗಿ ಬೇಕು.

ಚೆಂಬೂರು: ಅಯ್ಯನವರೇ, ಐವಿಎಫ್‌ನಲ್ಲಿ (ದೇಹದ ಹೊರಗೆ ಭ್ರೂಣ ಬೆಳೆಸುವ ಚಿಕಿತ್ಸೆ) ನಮ್ಮ ಮೂರು ಭ್ರೂಣಗಳು ಉಳಿದಿವೆ. ಇಡಬೇಕೋ ಬೇಡವೋ ಎಂದು ಆಸ್ಪತ್ರೆಯವರು ಸೋಮವಾರದೊಳಗೆ ತಿಳಿಸಲು ಹೇಳಿದ್ದಾರೆ.

ಭಾಂಡುಪ್: ಮತ್ತಾಯ 25:27ರಲ್ಲಿ, ಆಳಿಗೆ ಹಣ ಒಪ್ಪಿಸಿ ಹೋದ ಯಜಮಾನನೇ ಬಡ್ಡಿ ಕೇಳುತ್ತಾನಲ್ಲ?

ಡೊಂಬಿವಲಿ: ಅದು ಸಾಮ್ಯ, ನೀತಿ ಹೇಳಲು ಯೇಸು ಹೇಳಿದ ಕಥೆ. ಸಾಮ್ಯದಿಂದ ಬಡ್ಡಿ ದರ ಹಿಂಡುವವರನ್ನು ಇಂದೇ ಕಂಡೆ.

ಭಾಂಡುಪ್: ನಿಮ್ಮ ಠೇವಣಿಯ ಬಡ್ಡಿಯನ್ನು ಬ್ಯಾಂಕಿಗೆ ಹಿಂದಿರುಗಿಸುತ್ತೀರೋ?

ಡೊಂಬಿವಲಿ: ಬ್ಯಾಂಕು ನನ್ನ ಬಾಗಿಲಿಗೆ ಅಳುತ್ತಾ ಬಂದಿರಲಿಲ್ಲ.

ಸಾಂತಾಕ್ರೂಜ್: ಶೇರು ಪಾಪವೇ?

ಅಯ್ಯನವರು: ಮೂರನೆಯ ಸಲ ಹೇಳುತ್ತಿದ್ದೇನೆ. ಅಲ್ಲ. ಸಾಲ ಮಾಡಿ ಜೂಜಾಡಬೇಡಿ.

ಕಲ್ಯಾಣ: (ಬಂದ ಸಂದೇಶ) ಪ್ರಾರ್ಥಿಸಿದ ಎಣ್ಣೆಯನ್ನು ಏಳು ದಿನ ಹಚ್ಚಿದರೆ ಸಕ್ಕರೆ ಕಾಯಿಲೆ ಮಾಯ. ಮಾತ್ರೆ ನುಂಗುವುದು ಅವಿಶ್ವಾಸ. ಹತ್ತು ಜನರಿಗೆ ಕಳುಹಿಸಿ.

ಅಯ್ಯನವರು: ಅಳಿಸಿ. ಯಾಕೋಬ 5:14ರಲ್ಲಿ ಎಣ್ಣೆಯೂ ಪ್ರಾರ್ಥನೆಯೂ ಇವೆ, ಮಾತ್ರೆ ಬಿಸಾಡುವ ಮಾತಿಲ್ಲ. ವಾಸಿಮಾಡುತ್ತೇನೆಂದು ದೇವರೇ ಹೇಳಿದ ಮೇಲೂ ಪ್ರವಾದಿ ಯೆಶಾಯನು ಅರಸ ಹಿಜ್ಕೀಯನ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದನು. ಇನ್ಸುಲಿನ್ ನಿಲ್ಲಿಸಿದವರಿದ್ದರೆ ಈಗಲೇ ವೈದ್ಯರಿಗೆ ಫೋನ್ ಮಾಡಿ, ನನಗಲ್ಲ.

ಕಲ್ಯಾಣ: ನಾನು ಬರೆದದ್ದಲ್ಲ, ಬಂದದ್ದನ್ನು ಕಳುಹಿಸಿದೆ.

ಅಯ್ಯನವರು: ಕಳುಹಿಸಿದ್ದು ನಿಮ್ಮ ಬೆರಳೇ ತಾನೇ?

ಭಾಂಡುಪ್: ಡೊಂಬಿವಲಿಯವರು ಠೇವಣಿಗೆ ಉತ್ತರಿಸಲಿಲ್ಲ.

ಚೆಂಬೂರು: ಅಯ್ಯನವರೇ, ನನ್ನ ಪ್ರಶ್ನೆ ಮೇಲಿದೆ.

ಕುರ್ಲಾ: ಕೀಲಿ ಕೊಟ್ಟು ಬಂದೆ. ಬಡ್ಡಿಯ ವಿಷಯ ಆಮೇಲೆ ನೋಡೋಣ.